ಕಂಪೈಲ್ ಸಮಯದ ಲೆಕ್ಕಾಚಾರ: ಮರದಿಂದ ಬೈಟ್‌ಕೋಡಿಗೆ

ಡಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸ್ಥಿರ ಬೆಲೆಯೇ ಬೇಕಾದ ಜಾಗದಲ್ಲಿ, ಉದಾಹರಣೆಗೆ ಎನಮ್ (ಹೆಸರಿಟ್ಟ ಸ್ಥಿರ ಬೆಲೆ) ಘೋಷಣೆಯ ಬಲಬದಿಯಲ್ಲಿ, ಮಾಮೂಲಿ ಫಂಕ್ಷನ್ ಒಂದನ್ನು ಕರೆದರೆ ಕಂಪೈಲರ್ ತಾನೇ ಅದನ್ನು ನಡೆಸಿ, ಬಂದ ಉತ್ತರವನ್ನು ಪ್ರೋಗ್ರಾಮಿನಲ್ಲಿ ಇಡುತ್ತದೆ. ಇದನ್ನು ಸಿಟಿಎಫ್‌ಇ (ಕಂಪೈಲ್ ಟೈಮ್ ಫಂಕ್ಷನ್ ಎಕ್ಸಿಕ್ಯೂಶನ್, ಅಂದರೆ ಕಂಪೈಲ್ ಸಮಯದಲ್ಲೇ ಫಂಕ್ಷನ್ ನಡೆಸುವುದು) ಎನ್ನುತ್ತಾರೆ. ಡಿ ಭಾಷೆಯ ಡಿಎಂಡಿ ಎಂಬ ಕಂಪೈಲರಿನ ಈ ಭಾಗವನ್ನು ಬೈಟ್‌ಕೋಡ್ (ಒಂದಾದ ಮೇಲೊಂದು ನಡೆಯುವ ಸರಳ ಸೂಚನೆಗಳ ಸಾಲು) ಬಳಸಿ ಹೊಸದಾಗಿ ಕಟ್ಟುವ ಪ್ರಯತ್ನ 2016ರಲ್ಲಿ ಆರಂಭವಾಯಿತು.

ಹಳೆಯ ಪದ್ಧತಿ ನಿಧಾನವಾಗಿದ್ದುದೇಕೆ? 1ರಿಂದ 1000ದವರೆಗಿನ ಸಂಖ್ಯೆಗಳನ್ನು ಕೂಡಿ 500500 ಎಂಬ ಉತ್ತರ ಕೊಡುವ ಲೂಪನ್ನು ತೆಗೆದುಕೊಳ್ಳೋಣ. ಹಳೆಯ ಇಂಟರ್‌ಪ್ರಿಟರ್ (ಫಂಕ್ಷನ್ನನ್ನು ನಡೆಸುವ ಭಾಗ) ಸಿಂಟ್ಯಾಕ್ಸ್ ಮರದ, ಅಂದರೆ ಪ್ರೋಗ್ರಾಮಿನ ರಚನೆಯನ್ನು ಕೊಂಬೆಗಳಾಗಿ ತೋರಿಸುವ ನೋಡ್‌ಗಳ ಮರದ, ಮೇಲೆಯೇ ನಡೆಯುತ್ತಿತ್ತು. ಮೊತ್ತ ಬದಲಾದಾಗ ಒಂದು, ಎಣಿಕೆ ಏರಿದಾಗ ಇನ್ನೊಂದು ಎಂದು ಪ್ರತಿ ಸುತ್ತಿಗೂ ಹೊಸ ನೋಡ್‌ಗಳು ಹುಟ್ಟುತ್ತಿದ್ದವು. ಡಿಎಂಡಿ ವೇಗಕ್ಕಾಗಿ ಒಮ್ಮೆ ಪಡೆದ ಮೆಮೊರಿಯನ್ನು ಸಾಮಾನ್ಯವಾಗಿ ಹಿಂತಿರುಗಿಸದ ಕಾರಣ, ಆ ಎರಡು ಸಾವಿರ ನೋಡ್‌ಗಳು ಕೊನೆಯವರೆಗೂ ಅಲ್ಲಿಯೇ ಉಳಿಯುತ್ತಿದ್ದವು. ಬೈಟ್‌ಕೋಡಿನಲ್ಲಾದರೋ ಅದೇ ಕೆಲಸಕ್ಕೆ ನಾಲ್ಕು ಬೈಟಿನ ಎರಡು ಸ್ಥಾನಗಳು ಸಾಕು; ಸೂಚನೆಗಳು ಇಷ್ಟೇ: ಹೋಲಿಸು, ಸುಳ್ಳಾದರೆ ಹೊರಗೆ ಹಾರು, ಕೂಡು, ಒಂದು ಏರಿಸು, ಮೇಲಕ್ಕೆ ಹಾರು.

ಕಷ್ಟವಿರುವುದು ಈ ಹಾರುವಿಕೆಯಲ್ಲಿ. 'ಹೊರಗೆ ಹಾರು' ಎಂದು ಬರೆಯುವ ಹೊತ್ತಿಗೆ ಲೂಪಿನ ಒಡಲು ಇನ್ನೂ ಅನುವಾದವಾಗಿರುವುದಿಲ್ಲವಾದ್ದರಿಂದ ಹೊರಗೆ ಎಂದರೆ ಎಷ್ಟನೆಯ ವಿಳಾಸ ಎಂಬುದೇ ಗೊತ್ತಿರುವುದಿಲ್ಲ. ಜಾಗವನ್ನು ಖಾಲಿ ಬಿಟ್ಟು, ಒಡಲು ಮುಗಿದ ಮೇಲೆ ಹಿಂದಕ್ಕೆ ಬಂದು ತುಂಬಬೇಕು. 'ಮತ್ತು' ಎಂಬ ತಾರ್ಕಿಕ ಕ್ರಿಯೆಯಲ್ಲಿ ಇದು ಇನ್ನೂ ಸೂಕ್ಷ್ಮ. ಸೂಚ್ಯಂಕವು ಅರೇಯ ಉದ್ದಕ್ಕಿಂತ ಕಡಿಮೆಯಿದೆಯೇ ಎಂದು ಎಡಗಡೆ ಪರೀಕ್ಷಿಸಿ, ಬಲಗಡೆ ಆ ಅಂಶವನ್ನು ಓದುವ ಷರತ್ತಿನಲ್ಲಿ, ಎಡಗಡೆ ಸುಳ್ಳಾದ ಕೂಡಲೇ ಬಲಗಡೆಯನ್ನು ದಾಟಿ ಹೋಗಲೇಬೇಕು. ಎರಡನ್ನೂ ಲೆಕ್ಕ ಹಾಕಿ ಆಮೇಲೆ ಸೇರಿಸಿದರೆ, ಸರಿಯಾದ ಪ್ರೋಗ್ರಾಮಿಗೂ ಅರೇಯ ಗಡಿ ಮೀರಿದ ದೋಷ ಬರುತ್ತದೆ.

ಹೊಸ ಎಂಜಿನ್ ಭಾಷೆಯ ಎಲ್ಲ ಅಂಶಗಳನ್ನೂ ಮೊದಲ ದಿನವೇ ಬಲ್ಲದ್ದಾಗಿರಬೇಕಿಲ್ಲ ಎಂಬುದು ಈ ವಿನ್ಯಾಸದಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ. ತನಗೆ ತಿಳಿಯದ ರಚನೆ ಎದುರಾದರೆ ಅದು ಕೈಬಿಟ್ಟು, ಇಡೀ ಫಂಕ್ಷನ್ನನ್ನು ಹಳೆಯ ಇಂಟರ್‌ಪ್ರಿಟರಿಗೆ ಒಪ್ಪಿಸುತ್ತದೆ. ಹೀಗಾಗಿ ಪೂರ್ಣಾಂಕ, ಅರೇ, ಸ್ಟ್ರಕ್ಟ್ ಎಂದು ಒಂದೊಂದಾಗಿ ಸೇರಿಸುತ್ತ, ಎರಡೂ ಕಡೆಯ ಉತ್ತರ ತಾಳೆಯಾಗುತ್ತದೆಯೇ ಎಂದು ನೋಡುತ್ತ ಮುಂದುವರಿಯಬಹುದು.

ಅಭ್ಯಾಸಕ್ಕಾಗಿ ಇಂಥ ಎಂಜಿನ್ ಬರೆಯುವವರು ಒಂದು ವಿಷಯವನ್ನು ಮರೆಯಬಾರದು. 64 ಬಿಟ್ ಯಂತ್ರದಲ್ಲಿ ಕೂತು 32 ಬಿಟ್ ಯಂತ್ರಕ್ಕಾಗಿ ಕಂಪೈಲ್ ಮಾಡುವಾಗ ಅರೇಯ ಉದ್ದವನ್ನು ಹಿಡಿಯುವ ಸಂಖ್ಯೆ ನಾಲ್ಕೇ ಬೈಟಿನದಾಗಿರಬೇಕು, ಮತ್ತು ಅದು ತನ್ನ ಮಿತಿ ಮೀರಿ ಉಕ್ಕಿ ಹರಿದಾಗ ಗುರಿ ಯಂತ್ರದಲ್ಲಿ ಬರುವ ಉತ್ತರವೇ ಇಲ್ಲಿಯೂ ಬರಬೇಕು.