ಉಣುಗು ಕಚ್ಚಿದ್ದು ಜೂನ್‌ನಲ್ಲಿ, ಮೊಣಕಾಲು ಬಾತದ್ದು ಜನವರಿಯಲ್ಲಿ

ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಕನೆಕ್ಟಿಕಟ್ ಕಡೆಯ ಕನ್ನಡದ ಮನೆಗಳಿಗೆ ಊರಿಂದ ಅಪ್ಪ-ಅಮ್ಮ ಬರುವುದು ಹೆಚ್ಚಾಗಿ ಮೇ ತಿಂಗಳಲ್ಲಿ. ಚಳಿ ಹೋಗಿರುತ್ತದೆ, ಮೊಮ್ಮಕ್ಕಳ ರಜೆ ಹತ್ತಿರ ಬಂದಿರುತ್ತದೆ, ಹಿತ್ತಲಲ್ಲಿ ಮೆಂತ್ಯ, ಬದನೆ, ಹೀರೆ ಹಾಕುವ ಕಾಲ. ಕಪ್ಪು ಕಾಲಿನ ಜಿಂಕೆ ಉಣುಗಿನ ಮರಿಗಳು ರಕ್ತ ಹುಡುಕಿಕೊಂಡು ತರಗೆಲೆಯಿಂದ, ಹುಲ್ಲಿನಿಂದ ಮೇಲೇರುವ ಕಾಲವೂ ಅದೇ. ಗಸಗಸೆ ಕಾಳಿನಷ್ಟು ಗಾತ್ರ. ಕಚ್ಚಿದರೆ ನೋವಿಲ್ಲ, ತುರಿಕೆಯೂ ಕಡಿಮೆ. ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ.

ಅಕ್ಟೋಬರ್ ಹೊತ್ತಿಗೆ ಹಿರಿಯರು ಊರಿಗೆ ಮರಳುತ್ತಾರೆ. ಸಂಕ್ರಾಂತಿಯ ಆಸುಪಾಸಿನಲ್ಲಿ ದಾವಣಗೆರೆಯಲ್ಲೋ ಹಾಸನದಲ್ಲೋ ಒಂದೇ ಒಂದು ಮೊಣಕಾಲು ಬಾತುಕೊಳ್ಳುತ್ತದೆ. ವಯಸ್ಸಾಯಿತು, ಸವೆದಿದೆ ಅನ್ನುತ್ತಾರೆ ಒಬ್ಬರು. ಚಿಕೂನ್‌ಗುನ್ಯಾ ಬಂದು ಹೋಗಿರಬೇಕು ಅನ್ನುತ್ತಾರೆ ಇನ್ನೊಬ್ಬರು. ಕೀಲಿನ ಟಿಬಿ ಇರಬಹುದೆಂದು ಪರೀಕ್ಷೆ ನಡೆಯುತ್ತದೆ. ನೀರು ತೆಗೆದು ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಎರಡು ವಾರ ಹಾಯೆನಿಸುತ್ತದೆ, ಮತ್ತೆ ಬಾವು. ಆ ವೈದ್ಯರನ್ನು ದೂರಲಾರೆ. ಕರ್ನಾಟಕದಲ್ಲಿ ಕೂತು ಮೊಣಕಾಲು ನೋಡುವವರಿಗೆ, ಈ ಉಣುಗು ಕಚ್ಚುವುದರಿಂದ ಬರುವ ಲೈಮ್ ಕಾಯಿಲೆ ನೆನಪಾಗಬೇಕಾದರೆ, ‘ಬೇಸಿಗೆಯಲ್ಲಿ ಅಮೆರಿಕದಲ್ಲಿದ್ದೆ’ ಅನ್ನುವ ಒಂದು ಮಾತು ಕಿವಿಗೆ ಬೀಳಬೇಕು. ಅದನ್ನು ಯಾರೂ ಕೇಳುವುದಿಲ್ಲ, ಇವರೂ ಹೇಳುವುದಿಲ್ಲ. ಮುಂದಿನ ವರ್ಷ ಮತ್ತೆ ಬಂದಾಗ ನನ್ನಂಥ ಸಾಂಕ್ರಾಮಿಕ ರೋಗದ ವೈದ್ಯರ ಮುಂದೆ ಕೂರುತ್ತಾರೆ.

ಮೊಣಕಾಲು ಬಾತ ಕಥೆಯೇ ಈ ಕಾಯಿಲೆಯ ಮೊದಲ ಕಥೆ. 1975ರ ಸುಮಾರಿಗೆ ಕನೆಕ್ಟಿಕಟ್‌ನ ಲೈಮ್ ಎಂಬ ಊರಿನ ಪಾಲಿ ಮರ್ರಿ ಎಂಬ ತಾಯಿ, ಅಕ್ಕಪಕ್ಕದ ಮನೆಗಳ ಇಷ್ಟೊಂದು ಮಕ್ಕಳಿಗೆ ಒಟ್ಟಿಗೇ ಸಂಧಿವಾತ ಬರುವುದು ಹೇಗೆ ಎಂದು ಆರೋಗ್ಯ ಇಲಾಖೆಯನ್ನು ಕೇಳಿದರು. ಅದಕ್ಕೂ ಮೊದಲು ವರ್ಷಗಟ್ಟಲೆ ಆಕೆಯ ಮಾತನ್ನು ವೈದ್ಯರು ಅಷ್ಟಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ. ಯೇಲ್ ವಿಶ್ವವಿದ್ಯಾಲಯದ ಆಲನ್ ಸ್ಟೀರ್ ಹೋಗಿ ನೋಡಿ 1977ರಲ್ಲಿ ‘ಲೈಮ್ ಸಂಧಿವಾತ’ ಎಂದು ಬರೆದರು. ಕಾರಣವಾದ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು 1981ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಉಣುಗಿನ ಹೊಟ್ಟೆಯಲ್ಲಿ ಕಂಡರು. ಬೊರೇಲಿಯಾ ಬರ್ಗ್‌ಡಾರ್ಫರಿ ಎಂಬ ಹೆಸರು ಅವರದೇ. ಈಗ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 4,76,000 ಜನ ಈ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಾರೆಂದು ಇಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಅಂದಾಜು.

ಮಲೆನಾಡಿನ ಓದುಗರಿಗೆ ಉಣುಗು ಅಂದ ಕೂಡಲೇ ಮಂಗನ ಕಾಯಿಲೆ ನೆನಪಾಗುತ್ತದೆ. ಅದು ಬೇರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದದ್ದು ವೈರಸ್; ಬೇರೆ ಜಾತಿಯ ಉಣುಗು, ಕೆಲವೇ ದಿನಗಳಲ್ಲಿ ಎಬ್ಬಿಸುವ ಜ್ವರ, ಅದಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಲೈಮ್ ಬ್ಯಾಕ್ಟೀರಿಯಾದಿಂದ ಬರುವುದು. ನಿಧಾನಿ, ತಿಂಗಳುಗಟ್ಟಲೆ ಅಡಗಿರಬಲ್ಲದು, ಆದರೆ ಔಷಧಿಗೆ ಬಗ್ಗುತ್ತದೆ. ನಾಗರಹೊಳೆ, ಬಂಡೀಪುರದ ಕಾಡಂಚಿನ ಕೆಲವರ ರಕ್ತದಲ್ಲಿ ಬೊರೇಲಿಯಾ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಕಂಡುಬಂದ ವರದಿಯೂ ಇದೆ. ಪ್ರತಿಕಾಯ ಇದ್ದ ಮಾತ್ರಕ್ಕೆ ಕಾಯಿಲೆ ಇದೆ ಎಂದಲ್ಲ, ಆದರೂ ಅಲ್ಲಿನ ವೈದ್ಯರ ತಲೆಯಲ್ಲಿ ಈ ಹೆಸರು ಇರುವುದು ಒಳ್ಳೆಯದು.

ನಮ್ಮವರಲ್ಲಿ ಇದು ತಡವಾಗಿ ಗೊತ್ತಾಗಲು ಪ್ರಯಾಣ ಒಂದೇ ಕಾರಣವಲ್ಲ, ಚರ್ಮದ ಬಣ್ಣವೂ ಕಾರಣ. ಕಚ್ಚಿದ 3ರಿಂದ 30 ದಿನದೊಳಗೆ, ನೂರರಲ್ಲಿ 70-80 ಜನರಿಗೆ, ಹರಡುತ್ತ ಹೋಗುವ ಕಲೆ ಏಳುತ್ತದೆ. ಪಠ್ಯಪುಸ್ತಕದ ಚಿತ್ರಗಳಲ್ಲಿ ಅದು ಬಿಳಿ ಚರ್ಮದ ಮೇಲೆ ಕೆಂಪಗೆ ಹೊಳೆಯುವ ಬಳೆ. ಕಂದು ಚರ್ಮದ ಮೇಲೆ ಅದು ಪೆಟ್ಟು ಬಿದ್ದು ಕಂದಿದ ಹಾಗೆ, ನೇರಳೆ ಅಥವಾ ಗಾಢ ಕಂದು ಬಣ್ಣಕ್ಕಿರುತ್ತದೆ. ಮುಟ್ಟಿದರೆ ಕೊಂಚ ಬಿಸಿ, ಅಷ್ಟೆ. ಬಳೆಯ ಆಕಾರ ಬಿಳಿಯರಲ್ಲೂ ಎಲ್ಲರಿಗೂ ಮೂಡುವುದಿಲ್ಲ. ಉಣುಗು ಹಿಡಿಯುವುದಾದರೂ ಎಲ್ಲಿ? ಮಂಡಿಯ ಹಿಂಭಾಗ, ತೊಡೆಸಂದಿ, ಕಂಕುಳು, ಸೊಂಟ. ಐವತ್ತು ವರ್ಷ ಸೀರೆ ಉಟ್ಟ ಅಮ್ಮನ ಸೊಂಟದಲ್ಲಿ ಲಂಗದ ಲಾಡಿ ಕಟ್ಟಿ ಕಟ್ಟಿ ಚರ್ಮ ಮೊದಲೇ ಕಪ್ಪಾಗಿರುತ್ತದೆ, ಅಲ್ಲಿ ಹೊಸ ಕಲೆ ಎದ್ದರೆ ಆಕೆಗೇ ಕಾಣುವುದಿಲ್ಲ. ಕಂಡರೂ ಅಳಿಯನ ಮುಂದೆ ಹೇಳಿಕೊಳ್ಳಲು ಸಂಕೋಚ. ‘ಅದೇನೋ ಅಲರ್ಜಿ ಬಿಡು’ ಎಂದು ತೆಂಗಿನೆಣ್ಣೆ ಹಚ್ಚಿದರೆ ಮುಗಿಯಿತು. ಮೂರ್ನಾಲ್ಕು ವಾರದಲ್ಲಿ ಕಲೆ ತಾನಾಗಿ ಮಾಯವಾಗುತ್ತದೆ, ಬ್ಯಾಕ್ಟೀರಿಯಾ ಒಳಗೆ ಉಳಿಯುತ್ತದೆ.

ಈಗ ಒಬ್ಬ ರೋಗಿಯ ಬಗ್ಗೆ ಹೇಳುತ್ತೇನೆ. ಇವರು ಒಬ್ಬರಲ್ಲ, ಗುರುತು ಸಿಗದಂತೆ ಹಲವರನ್ನು ಬೆರೆಸಿ ಮಾಡಿದ ಚಿತ್ರ. ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಅರವತ್ತೆಂಟು ವರ್ಷ, ಬಲ ಮೊಣಕಾಲು ಹಲಸಿನಕಾಯಿ ಅನ್ನುವಷ್ಟು ಬಾತಿದೆ. ಅಷ್ಟು ಬಾತಿದ್ದರೂ ನಡೆದುಕೊಂಡೇ ಒಳಗೆ ಬಂದರು. ಅದೇ ನನಗೆ ಮೊದಲ ಸುಳಿವು. ಲೈಮ್‌ನ ಮೊಣಕಾಲಿನಲ್ಲಿ ನೀರು ಹೆಚ್ಚು, ಆ ಪ್ರಮಾಣಕ್ಕೆ ನೋವು ಕಡಿಮೆ. ಸಾಮಾನ್ಯ ಕೀವಿನ ಸೋಂಕಾಗಿದ್ದರೆ ಕಾಲು ಊರಲು ಬಿಡುತ್ತಿರಲಿಲ್ಲ. ಐಜಿಜಿ, ಅಂದರೆ ಸೋಂಕು ತಗಲಿ ಕೆಲವು ವಾರಗಳ ಮೇಲೆ ಮೂಡಿ ಬಹುಕಾಲ ಉಳಿಯುವ ಪ್ರತಿಕಾಯದ ಪರೀಕ್ಷೆ ಸ್ಪಷ್ಟವಾಗಿ ಪಾಸಿಟಿವ್ ಬಂತು.

ಆ ಪರೀಕ್ಷೆಯ ಬಗ್ಗೆ ಇಷ್ಟು ತಿಳಿದಿರಬೇಕು. ಮೊದಲ ಒಂದೆರಡು ವಾರದಲ್ಲಿ ಅದು ನೆಗೆಟಿವ್ ಬರುವುದು ಸಾಮಾನ್ಯ, ಕಲೆ ಇದ್ದರೆ ಪರೀಕ್ಷೆಗೆ ಕಾಯದೆ ಔಷಧಿ ಕೊಡುತ್ತೇವೆ. ತಿಂಗಳುಗಳ ನಂತರ ಮೊಣಕಾಲು ಬಾತಾಗ ಲೆಕ್ಕ ತಿರುಗುತ್ತದೆ: ಆಗ ಐಜಿಜಿ ನೆಗೆಟಿವ್ ಇದ್ದರೆ ಅದು ಲೈಮ್ ಅಲ್ಲ, ಬೇರೆ ಕಾರಣ ಹುಡುಕಬೇಕು. ವರ್ಷದಿಂದ ಸುಸ್ತು, ಐಜಿಎಂ (ಸೋಂಕಿನ ಆರಂಭದಲ್ಲಿ ಮೂಡುವ ಪ್ರತಿಕಾಯ) ಮಾತ್ರ ಪಾಸಿಟಿವ್ ಎಂದು ಕಾಗದ ಹಿಡಿದು ಬರುವವರಿಗೂ ನಾನು ಲೈಮ್ ಎಂದು ಹೇಳುವುದಿಲ್ಲ.

ಮೇಷ್ಟ್ರಿಗೆ ಕೊಟ್ಟದ್ದು ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 28 ದಿನ. ಮಗಳಿಗೆ ಸಿಟ್ಟು ಬಂತು. ‘ಆರು ತಿಂಗಳಿಂದ ಇರೋ ಕಾಯಿಲೆಗೆ ಬರೀ ಮಾತ್ರೆನಾ ಡಾಕ್ಟ್ರೇ?’ ಹೌದು, ಬರೀ ಮಾತ್ರೆ. ತಡವಾಗಿ ಗೊತ್ತಾದರೂ ಬ್ಯಾಕ್ಟೀರಿಯಾ ಅದೇ, ಅದಕ್ಕೆ ಔಷಧಿಯ ವಿರುದ್ಧ ಹೊಸ ಶಕ್ತಿಯೇನೂ ಬಂದಿರುವುದಿಲ್ಲ. ಮಾತ್ರೆ ತೆಗೆದುಕೊಳ್ಳುವ ಕ್ರಮದಲ್ಲೇ ನಮ್ಮವರು ಎಡವುವುದು. ಹಾಲು, ಮೊಸರು, ಕಾಫಿಯ ಜೊತೆ ನುಂಗಿದರೆ ಔಷಧಿ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಎದೆಯುರಿಗೆ ತೆಗೆದುಕೊಳ್ಳುವ ಆಂಟಾಸಿಡ್ ಇನ್ನೂ ಕೆಟ್ಟವು. ಎರಡು-ಮೂರು ಗಂಟೆಯ ಅಂತರ ಇರಲಿ. ತುಂಬಿದ ಲೋಟ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗಬಾರದು, ಇಲ್ಲದಿದ್ದರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ. ಬಿಸಿಲಲ್ಲಿ ಚರ್ಮ ಬೇಗ ಸುಡುತ್ತದೆ, ಹಿತ್ತಲ ಕೆಲಸ ಸಂಜೆಗಿರಲಿ. ಮತ್ತೆ, ಔಷಧಿ ಮುಗಿಯುವ ಮುನ್ನ ಕೀಲಿಗೆ ಸ್ಟೆರಾಯ್ಡ್ ಚುಚ್ಚಿಸಿಕೊಳ್ಳಬಾರದು. ಹಾಗೆ ಚುಚ್ಚಿಸಿಕೊಂಡವರಲ್ಲಿ ಬಾವು ಇನ್ನಷ್ಟು ಕಾಲ ಎಳೆಯುವುದನ್ನು ಕಂಡಿದ್ದೇವೆ.

28 ದಿನ ಮುಗಿದ ಮೇಲಿನ ಸಮಯವೇ ಕಷ್ಟದ್ದು. ಬಾವು ಅರ್ಧ ಇಳಿದಿರುತ್ತದೆ. ಮಾತ್ರೆ ಮುಗಿಯಿತು, ಕಾಲು ಸರಿಯಾಗಿಲ್ಲ, ಅಂದರೆ ರೋಗ ಇನ್ನೂ ಇದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಬಾವು ಸಾಕಷ್ಟು ಉಳಿದಿದ್ದರೆ ಎರಡನೇ ಸುತ್ತು ಕೊಡುತ್ತೇವೆ, ಕೆಲವರಿಗೆ ರಕ್ತನಾಳದ ಮೂಲಕ ಎರಡರಿಂದ ನಾಲ್ಕು ವಾರ ಸೆಫ್ಟ್ರಿಯಾಕ್ಸೋನ್ ಎಂಬ ಇನ್ನೊಂದು ಆಂಟಿಬಯಾಟಿಕ್. ಅದಾದ ಮೇಲೂ ಹತ್ತರಲ್ಲಿ ಒಬ್ಬರಿಗೆ ಬಾವು ಉಳಿಯುತ್ತದೆ. ಆಗ ಕೀಲಿನಲ್ಲಿರುವುದು ಬದುಕಿರುವ ಬ್ಯಾಕ್ಟೀರಿಯಾ ಅಲ್ಲ. ಸತ್ತ ಬ್ಯಾಕ್ಟೀರಿಯಾದ ಗೋಡೆಯ ಚೂರುಗಳು ಕೀಲಿನ ನೀರಿನಲ್ಲಿ ಬಹುಕಾಲ ಉಳಿದು ಉರಿಯೂತವನ್ನು ಜೀವಂತವಾಗಿಡುತ್ತವೆಂದು 2019ರಲ್ಲಿ ವರದಿಯಾಯಿತು. ಕೆಲವರ ರೋಗನಿರೋಧಕ ವ್ಯವಸ್ಥೆಯ ಹುಟ್ಟುಗುಣವೂ ಇದಕ್ಕೆ ಒದಗಿ ಬರುತ್ತದೆ. ಇಲ್ಲಿಂದ ಮುಂದೆ ದಾರಿ ಸಂಧಿವಾತದ ವೈದ್ಯರದ್ದು: ಉರಿಯೂತ ತಗ್ಗಿಸುವ ಮಾತ್ರೆ, ರೋಗನಿರೋಧಕ ವ್ಯವಸ್ಥೆಯ ಅಬ್ಬರ ಇಳಿಸುವ ಮೆಥೊಟ್ರೆಕ್ಸೇಟ್, ಅಪರೂಪಕ್ಕೆ ಕೀಲಿನ ಒಳಪೊರೆ ತೆಗೆಯುವ ಶಸ್ತ್ರಚಿಕಿತ್ಸೆ. ಮೂರನೇ, ನಾಲ್ಕನೇ ಸುತ್ತಿನ ಆಂಟಿಬಯಾಟಿಕ್‌ಗೆ ಇಲ್ಲಿ ಕೆಲಸವಿಲ್ಲ.

ಇನ್ನೊಂದು ಗುಂಪಿದೆ. ಇವರಿಗೆ ಬಾವು ಇಲ್ಲ, ಆದರೆ ಚಿಕಿತ್ಸೆ ಮುಗಿದು ಆರು ತಿಂಗಳಾದರೂ ಸುಸ್ತು, ಮೈಕೈ ನೋವು, ಓದಿದ್ದು ತಲೆಯಲ್ಲಿ ನಿಲ್ಲದಿರುವುದು, ನಿದ್ದೆ ಕೆಡುವುದು. ಇದು ನಿಜವಾದ ತೊಂದರೆ. ‘ಎಲ್ಲ ನಿಮ್ಮ ಮನಸ್ಸಿನ ಭ್ರಮೆ’ ಎಂದು ಇವರನ್ನು ಕಳಿಸಿಬಿಡುವ ವೈದ್ಯರ ಮೇಲೆ ನನಗೆ ಸಿಟ್ಟಿದೆ. ಅಲ್ಲಿಂದ ಅವಮಾನಪಟ್ಟು ಹೊರಟವರು ನೇರ ಹೋಗುವುದು ‘ದೀರ್ಘಕಾಲದ ಲೈಮ್’ ಎಂಬ ಬೋರ್ಡು ಹಾಕಿಕೊಂಡು, ವಿಮೆಗೆ ಸಿಗದ ಸಾವಿರಾರು ಡಾಲರ್ ಪಡೆದು ತಿಂಗಳುಗಟ್ಟಲೆ ಆಂಟಿಬಯಾಟಿಕ್ ಹರಿಸುವ ಕಡೆಗೆ. ಆ ದಾರಿಯನ್ನು ಗಂಭೀರವಾಗಿ ಪರೀಕ್ಷಿಸಿ ಆಗಿದೆ. 2001ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 30 ದಿನ ಸೆಫ್ಟ್ರಿಯಾಕ್ಸೋನ್, ಮೇಲೆ 60 ದಿನ ಡಾಕ್ಸಿಸೈಕ್ಲಿನ್ ಕೊಟ್ಟರೂ, ಔಷಧಿಯಿಲ್ಲದ ಖಾಲಿ ಮದ್ದು ಪಡೆದವರಿಗಿಂತ ಇವರು ಹೆಚ್ಚು ಚೇತರಿಸಿಕೊಳ್ಳಲಿಲ್ಲ. 2016ರಲ್ಲಿ ನೆದರ್ಲೆಂಡ್ಸ್‌ನವರು ಹೆಚ್ಚುವರಿ 12 ವಾರ ಕೊಟ್ಟು ನೋಡಿದರು, ಅದೇ ಉತ್ತರ. ಕೈಯ ರಕ್ತನಾಳದಲ್ಲಿ ತಿಂಗಳುಗಟ್ಟಲೆ ಇಟ್ಟ ನಳಿಕೆಯಿಂದ ರಕ್ತಕ್ಕೆ ಸೋಂಕು ತಗಲಿ ಸತ್ತವರಿದ್ದಾರೆ.

ಹಾಗಾದರೆ ಮಾಡುವುದೇನು? ಮೊದಲು, ಸುಸ್ತಿನ ಎಲ್ಲ ಹೊಣೆಯನ್ನೂ ಲೈಮ್ ಮೇಲೆ ಹೊರಿಸದೆ ಬೇರೆಡೆಯೂ ನೋಡುತ್ತೇನೆ. ಸಸ್ಯಾಹಾರಿ, ಮೇಲಾಗಿ ಸಕ್ಕರೆ ಕಾಯಿಲೆಗೆ ಹತ್ತು ವರ್ಷದಿಂದ ಮೆಟ್‌ಫಾರ್ಮಿನ್ ನುಂಗುತ್ತಿರುವ ಹಿರಿಯರ ಪಾದ ಜೋಮು ಹಿಡಿದರೆ ಬಿ12 ಪರೀಕ್ಷಿಸದೆ ಬಿಡುವುದಿಲ್ಲ. ಥೈರಾಯ್ಡ್, ರಕ್ತಹೀನತೆ, ಗೊರಕೆಯ ಜೊತೆ ಉಸಿರು ಕಟ್ಟುವ ನಿದ್ದೆಯ ತೊಂದರೆ, ಖಿನ್ನತೆ. ಅದೇ ಉಣುಗಿನಿಂದ ಬರುವ, ಕೆಂಪು ರಕ್ತಕಣ ಹೊಕ್ಕುವ ಬೆಬೀಸಿಯಾ ಎಂಬ ಪರಾವಲಂಬಿ ಜೀವಿಯ ಸೋಂಕು ಕೂಡ. ಇವುಗಳಲ್ಲಿ ಒಂದಾದರೂ ಸಿಕ್ಕಿ, ಅದನ್ನು ಸರಿಪಡಿಸಿದ ಮೇಲೆ ಅರ್ಧ ಚೇತರಿಸಿಕೊಂಡವರು ಅನೇಕರು.

ಎರಡನೆಯದು ಶಕ್ತಿಯ ಲೆಕ್ಕ. ಒಂದು ದಿನ ಚೆನ್ನಾಗಿದೆಯೆಂದು ಇಡೀ ಮನೆ ಗುಡಿಸಿ, ಹೋಳಿಗೆಗೆ ಕಣಕ ಕಲಸಿ, ಮುಂದಿನ ಮೂರು ದಿನ ಹಾಸಿಗೆ ಹಿಡಿಯುವುದು ನಮ್ಮ ತಾಯಂದಿರ ಪದ್ಧತಿ. ಬೇಡ. ಕೆಟ್ಟ ದಿನದಲ್ಲೂ ಮಾಡಲಾಗುವಷ್ಟನ್ನೇ ಒಳ್ಳೆಯ ದಿನವೂ ಮಾಡಿ. ಹತ್ತು ನಿಮಿಷದ ನಡಿಗೆಯಾದರೆ ಹತ್ತೇ ನಿಮಿಷ, ಒಂದೆರಡು ವಾರ ಅದು ಹಗುರಾಗಿ ನಡೆದ ಮೇಲೆ ಎರಡು ನಿಮಿಷ ಸೇರಿಸಿ. ಬಹುತೇಕರು ಸುಧಾರಿಸುತ್ತಾರೆ, ಆದರೆ ತಿಂಗಳುಗಳ ಲೆಕ್ಕದಲ್ಲಿ. ಮನೆಯವರಿಗೂ ಇದನ್ನು ಕೂರಿಸಿಕೊಂಡು ಹೇಳುತ್ತೇನೆ, ಏಕೆಂದರೆ ‘ರಿಪೋರ್ಟ್ ಎಲ್ಲ ನಾರ್ಮಲ್ ಅಂದ್ರಲ್ಲ, ಇನ್ನೂ ಯಾಕೆ ಮಲಗಿದಾರೆ?’ ಎಂಬ ಮಾತು ರೋಗಕ್ಕಿಂತ ಹೆಚ್ಚು ನೋಯಿಸುತ್ತದೆ.

ಮೂರನೆಯದು ತೊಡೆ. ಮೊಣಕಾಲಿನಲ್ಲಿ ನೀರು ತುಂಬಿದಾಗ ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ಆದೇಶವನ್ನು ನರಮಂಡಲವೇ ತಗ್ಗಿಸಿಬಿಡುತ್ತದೆ, ಆರು ತಿಂಗಳಲ್ಲಿ ಸ್ನಾಯು ಬತ್ತಿಹೋಗುತ್ತದೆ. ಬಾವು ಇಳಿದರೂ ಮೆಟ್ಟಿಲಿಳಿಯುವಾಗ ಕಾಲು ಕುಸಿದರೆ ಅದು ಈ ಬಲಹೀನತೆ, ರೋಗ ಮರುಕಳಿಸಿದ್ದಲ್ಲ. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಕೆಳಕ್ಕೆ ಒತ್ತಿ ಹಿಡಿಯುವುದು, ಕಾಲು ನೇರ ಎತ್ತುವುದು, ಕೈ ಊರದೆ ಕುರ್ಚಿಯಿಂದ ಏಳುವುದು: ಫಿಸಿಯೋಥೆರಪಿಯವರು ಹೇಳಿಕೊಡುವ ಇಂಥವನ್ನು ದಿನಾ ಮಾಡಬೇಕು. ಇಲ್ಲಿನ ಥೆರಪಿಸ್ಟ್ ‘ನಿಮ್ಮ ಗುರಿ ಏನು’ ಎಂದು ಕೇಳಿದಾಗ ಮೇಷ್ಟ್ರು ‘ಸಂಧ್ಯಾವಂದನೆಗೆ ನೆಲದ ಮೇಲೆ ಕೂರಬೇಕು’ ಅಂದರು. ಆಕೆ ಅದನ್ನೇ ಬರೆದುಕೊಂಡು ವ್ಯಾಯಾಮ ಹೊಂದಿಸಿದರು. ಮೊದಲು ಎತ್ತರದ ಮಣೆ, ಆಮೇಲೆ ತಗ್ಗಿನದು. ಹೋಗುವ ಹೊತ್ತಿಗೆ ಚಕ್ಕಳಮಕ್ಕಳ ಪೂರ್ತಿ ಬಂದಿರಲಿಲ್ಲ, ಒಂದು ಕಾಲು ಚಾಚಿ ಕೂರುತ್ತಿದ್ದರು.

ಮತ್ತೆ ಕಚ್ಚಿದರೆ ಮತ್ತೆ ಬರಬಹುದು. ಹಿತ್ತಲಿಂದ ಬಂದ ಬಟ್ಟೆಯನ್ನು ಡ್ರೈಯರ್‌ನಲ್ಲಿ ಹತ್ತು ನಿಮಿಷ ಜೋರು ಬಿಸಿಗೆ ಹಾಕಿ, ಸ್ನಾನ ಮಾಡುವಾಗ ಸಂದಿಗಳನ್ನು ಕೈಯಾಡಿಸಿ ನೋಡಿ. ಉಣುಗು ಕಂಡರೆ ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ. ಚೂಪು ಚಿಮಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಕಚ್ಚಿ ಹಿಡಿದಿದ್ದರೆ ಮಾತ್ರ ಬ್ಯಾಕ್ಟೀರಿಯಾ ದಾಟುತ್ತದೆ. ರಕ್ತ ಕುಡಿದು ಉಬ್ಬಿದ ಉಣುಗಾದರೆ ತೆಗೆದ 72 ಗಂಟೆಯೊಳಗೆ ವೈದ್ಯರಿಗೆ ಫೋನ್ ಮಾಡಿ, 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್‌ನ ಒಂದೇ ಸಲದ ಡೋಸ್ ಸಾಕಾಗಬಹುದು.

ಊರಿಗೆ ಮರಳುವವರ ಕೈಯಲ್ಲಿ ನಾನು ಒಂದು ಪುಟದ ಪತ್ರ ಕೊಡುತ್ತೇನೆ: ಯಾವ ತಿಂಗಳು ಎಲ್ಲಿದ್ದರು, ಯಾವ ಔಷಧಿ ಎಷ್ಟು ದಿನ, ಈಗ ಮೊಣಕಾಲು ಹೇಗಿದೆ. ಕೊನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸುತ್ತೇನೆ. ಇವರ ಐಜಿಜಿ ಇನ್ನೂ ವರ್ಷಗಟ್ಟಲೆ ಪಾಸಿಟಿವ್ ಇರುತ್ತದೆ, ಅದನ್ನು ನೋಡಿ ಮತ್ತೆ ಚಿಕಿತ್ಸೆ ಶುರು ಮಾಡಬೇಡಿ, ಮೊಣಕಾಲನ್ನು ನೋಡಿ.