ಶನಿವಾರ ಮಧ್ಯಾಹ್ನದ ಬಸ್ಸು ಮತ್ತು ಡಿಗ್ರಿ ಮೊದಲ ವರ್ಷ

ಕಾಲೇಜು ಶುರುವಾದ ಮೊದಲ ವಾರ ಫಸ್ಟ್ ಇಯರ್ ಮಕ್ಕಳು ಯಾರೂ ಮನಸ್ಸಿನ ಕಷ್ಟ ಹೇಳ್ಕೊಳ್ಳೋಕೆ ನನ್ನ ಹತ್ರ ಕೌನ್ಸೆಲಿಂಗ್‌ಗೆ ಬರಲ್ಲ. ಆಗ ಎಲ್ಲಾ ಹೊಸದು, ರೂಮ್ ಹೊಸದು, ಐಡಿ ಕಾರ್ಡ್ ಹೊಸದು, ಯೂನಿಫಾರ್ಮ್ ಇಲ್ಲದೆ ಕ್ಲಾಸಿಗೆ ಹೋಗೋ ಖುಷಿ ಬೇರೆ. ಅವರು ಬರೋದು ಒಂದೂವರೆ ಎರಡು ತಿಂಗಳಾದ್ಮೇಲೆ, ಮೊದಲ ಇಂಟರ್ನಲ್ಸ್ ಮಾರ್ಕ್ಸ್ ಕೈಗೆ ಸಿಕ್ಕಾಗ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಹಳ್ಳಿಗಳಿಂದ ಶಿವಮೊಗ್ಗಕ್ಕೆ ಓದೋಕೆ ಬಂದ ಮಕ್ಕಳೇ ಜಾಸ್ತಿ, ಹೇಳೋ ಮಾತೂ ಹೆಚ್ಚುಕಮ್ಮಿ ಒಂದೇ: 'ಮೇಡಂ, ನಂಗೆ ಇಲ್ಲಿ ಸೆಟ್ ಆಗ್ತಿಲ್ಲ, ಊರ ಕಡೆನೇ ಯಾವ್ದಾದ್ರೂ ಕಾಲೇಜಿಗೆ ಹೋಗ್ತೀನಿ.'

ನಾನು ಮೊದಲು ಕೇಳೋದು ಮಾರ್ಕ್ಸ್ ಬಗ್ಗೆ ಅಲ್ಲ, ವಾರಾ ವಾರಾ ಊರಿಗೆ ಹೋಗ್ತೀಯಾ ಅಂತ. ಬಹಳ ಜನ ಹೌದು ಅಂತಾರೆ. ಶನಿವಾರ ಮಧ್ಯಾಹ್ನ ಕ್ಲಾಸ್ ಮುಗಿದ ಕೂಡಲೇ ಬ್ಯಾಗ್ ಹಾಕ್ಕೊಂಡು ಬಸ್ ಸ್ಟ್ಯಾಂಡಿಗೆ ಓಡೋದು, ಇಲ್ಲಾಂದ್ರೆ ತಾಳಗುಪ್ಪದ ಟ್ರೇನ್ ಹತ್ತೋದು, ಭಾನುವಾರ ಸಂಜೆ ಇಲ್ಲಾ ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ವಾಪಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ್ಮೇಲೆ ಸರ್ಕಾರಿ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿನ ಯೋಚನೆನೂ ಇಲ್ಲ. ಇದು ನಿಜವಾಗ್ಲೂ ದೊಡ್ಡ ಉಪಕಾರ, ಬಸ್ ಚಾರ್ಜಿಗೆ ಹೆದರಿ ಮಗಳನ್ನ ಪಿಯುಸಿಗೇ ನಿಲ್ಲಿಸ್ತಿದ್ದ ಮನೆಗಳನ್ನ ನಾನು ನೋಡಿದೀನಿ. ಆದ್ರೆ ಮೊದಲ ಮೂರು ತಿಂಗಳು ಪ್ರತಿ ವಾರ ಮನೆಗೆ ಹೋಗೋ ಅಭ್ಯಾಸ ಇದೆಯಲ್ಲ, ಅದು ಮನೆ ನೆನಪನ್ನ ಕಮ್ಮಿ ಮಾಡಲ್ಲ, ಉಳಿಸ್ಕೊಂಡು ಹೋಗತ್ತೆ.

ಯಾಕೆ ಅಂತ ಹೇಳ್ತೀನಿ. ಹೊಸ ಜಾಗದಲ್ಲಿ ಮನಸ್ಸಿಗೆ ಅತೀ ಕಷ್ಟ ಆಗೋದು ಬಂದ ಮೊದಲ ಒಂದೆರಡು ದಿನ. ಬುಧವಾರ ಗುರುವಾರದ ಹೊತ್ತಿಗೆ ಸ್ವಲ್ಪ ಹಗುರ ಆಗಿರತ್ತೆ, ಪಕ್ಕದ ಬೆಂಚಿನವಳ ಜೊತೆ ಮಾತು ಶುರುವಾಗಿರತ್ತೆ, ಅಷ್ಟರಲ್ಲಿ ಶನಿವಾರ ಬಂತು, ಊರಿಗೆ ಹೋಗಾಯ್ತು, ಸೋಮವಾರ ಮತ್ತೆ ಮೊದಲಿಂದ. ಅಂದ್ರೆ ಆ ಮಗು ಮೂರು ತಿಂಗಳಿಂದ ಇಲ್ಲಿದ್ರೂ ಅದರ ಮನಸ್ಸು ಒಂದು ವಾರಕ್ಕಿಂತ ಜಾಸ್ತಿ ಇಲ್ಲಿ ಇದ್ದೇ ಇಲ್ಲ! ಇನ್ನೊಂದು ವಿಷಯ ಏನಂದ್ರೆ ಸ್ನೇಹ ಆಗೋದು ಕ್ಲಾಸಲ್ಲಿ ಅಲ್ಲ, ಭಾನುವಾರ. ಹಾಸ್ಟೆಲಲ್ಲಿ ಒಟ್ಟಿಗೆ ಬಟ್ಟೆ ಒಗೀವಾಗ, ಗಾಂಧಿ ಬಜಾರಲ್ಲಿ ಸುಮ್ನೆ ಸುತ್ತುವಾಗ, ಯಾರೋ ಪ್ಲಾನ್ ಮಾಡಿ ಸಕ್ರೆಬೈಲಿಗೆ ಆನೆ ನೋಡೋಕೆ ಹೋದಾಗ. ಸೋಮವಾರ ಅವರೆಲ್ಲ ಭಾನುವಾರದ ಕಥೆ ಹೇಳ್ಕೊಂಡು ನಗ್ತಿದ್ರೆ ಊರಿಗೆ ಹೋಗಿ ಬಂದವಳು ಪಕ್ಕದಲ್ಲಿ ಸುಮ್ನೆ ಕೂತಿರ್ತಾಳೆ, ಅವಳಿಗೆ ನನ್ನನ್ನ ಇವರು ಸೇರಿಸ್ಕೊಳ್ತಿಲ್ಲ ಅನ್ಸತ್ತೆ.

ಹಾಗಂತ ಊರಿಗೆ ಹೋಗ್ಲೇಬೇಡಿ ಅಂತ ನಾನು ಯಾರಿಗೂ ಹೇಳಲ್ಲ. ಮೂರು ವಾರಕ್ಕೊಮ್ಮೆ ಹೋಗಿ, ಯಾವ ಶನಿವಾರ ಅಂತ ಮೊದಲೇ ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಳ್ಳಿ. ದಿನ ಗೊತ್ತಿದ್ರೆ ಮನಸ್ಸು ತಡ್ಕೊಳತ್ತೆ, ಗೊತ್ತಿಲ್ದೆ ಇದ್ರೆ ದಿನಾ ಸಂಜೆ ಹೋಗ್ಲಾ ಬೇಡ್ವಾ ಅಂತ ತನ್ನ ಜೊತೆಗೇ ಜಗಳ. ಮೊದಲ ಭಾನುವಾರ ಕಷ್ಟ ಆಗತ್ತೆ, ಅಳು ಬಂದ್ರೂ ಬರ್ಲಿ, ಎರಡನೇದು ಅಷ್ಟಿರಲ್ಲ.

ನಮ್ಮ ಕಡೆ ಮಳೆಗಾಲದ ವಿಷ್ಯ ಬೇರೆ ಇದೆ. ಕಾಲೇಜು ಶುರುವಾಗೋದೇ ಮಳೇಲಿ, ಊರಲ್ಲಾದ್ರೆ ಬಚ್ಚಲೊಲೆ ಹತ್ರ ಬಟ್ಟೆ ಒಣಗತ್ತೆ, ಇಲ್ಲಿ ರೂಮಲ್ಲಿ ಹಗ್ಗ ಕಟ್ಟಿ ಹಾಕಿದ ಬಟ್ಟೆ ಮೂರು ದಿನ ಆದ್ರೂ ಹಸಿ, ಬಿಸಿಲು ಕಾಣಲ್ಲ, ಸಂಜೆ ಹೊರಗೆ ಹೋಗೋ ಹಾಗಿಲ್ಲ, ಮೊಬೈಲ್ ಹಿಡ್ಕೊಂಡು ರಾತ್ರಿ ಎರಡು ಗಂಟೆವರೆಗೂ ಎಚ್ಚರ. ಬೇಜಾರಿಗೆ ಅರ್ಧ ಕಾರಣ ನಿದ್ದೆ ಕೆಟ್ಟಿರೋದು, ಅದನ್ನ ಮೊದಲು ಸರಿ ಮಾಡ್ಕೊಳ್ಳಿ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ಪಿಜಿ ಕೋರ್ಸಿಗೆ ಸೇರಿದವರಿಗೂ ಇದನ್ನೇ ಹೇಳ್ತೀನಿ, ಅಲ್ಲಿ ಸುತ್ತ ಕಾಡು, ಪೇಟೆ ದೂರ, ಸಂಜೆ ಮೇಲೆ ಇನ್ನೂ ಮೌನ.

ಇನ್ನು ಇಂಗ್ಲಿಷ್. ಕನ್ನಡ ಮೀಡಿಯಂನಲ್ಲಿ ಓದಿ ಒಳ್ಳೆ ಮಾರ್ಕ್ಸ್ ತಗೊಂಡ ಹುಡುಗ ಬಿಎಸ್ಸಿಗೆ ಸೇರಿ ಮೊದಲ ತಿಂಗಳಲ್ಲೇ ನಾನು ದಡ್ಡ ಅಂತ ತೀರ್ಮಾನ ಮಾಡ್ಕೊಂಡು ಹಿಂದಿನ ಬೆಂಚಿಗೆ ಹೋಗಿಬಿಡ್ತಾನೆ. ಅವನು ದಡ್ಡ ಅಲ್ಲ. ಅವನ ತಲೆ ಒಂದೇ ಹೊತ್ತಿಗೆ ಎರಡು ಕೆಲಸ ಮಾಡ್ತಿದೆ, ಭಾಷೆ ಬಿಡಿಸೋದು ಒಂದು, ವಿಷಯ ಹಿಡಿಯೋದು ಒಂದು, ಹಾಗಾಗಿ ಬೇಗ ಸುಸ್ತು. ನಾನು ಹೇಳಿಕೊಡೋ ದಾರಿ ಸುಲಭದ್ದು: ನಾಳೆ ನಡೆಯೋ ಪಾಠವನ್ನ ಇವತ್ತು ರಾತ್ರಿ ಹಳೇ ಕನ್ನಡ ಮೀಡಿಯಂ ಪುಸ್ತಕದಲ್ಲಿ ಹದಿನೈದು ನಿಮಿಷ ಓದ್ಕೊಂಡು ಹೋಗಿ, ಕ್ಲಾಸಲ್ಲಿ ನೋಟ್ಸ್ ಪಕ್ಕ ಕನ್ನಡದಲ್ಲೇ ಬರ್ಕೊಳ್ಳಿ, ಅರ್ಥ ಆಗದ್ದನ್ನ ಕ್ಲಾಸ್ ಮುಗಿದ್ಮೇಲೆ ಲೆಕ್ಚರರ್ ಹತ್ರ ಕನ್ನಡದಲ್ಲೇ ಕೇಳಿ. ಇಲ್ಲಿನ ಎಷ್ಟೋ ಲೆಕ್ಚರರ್‌ಗಳು ಇದೇ ಊರುಗಳಿಂದ ಇದೇ ದಾರೀಲಿ ಬಂದವರು. ನಿಮ್ಮ ವಿಷಯಕ್ಕೆ ಕನ್ನಡದಲ್ಲಿ ಉತ್ತರ ಬರೆಯೋ ಅವಕಾಶ ಇದೆಯಾ ಅಂತಲೂ ಮೊದಲೇ ವಿಚಾರಿಸಿ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ದೀಪಾವಳಿ ಆಚೀಚೆ ಅಡಿಕೆ ಕೊಯ್ಲು, ಸುಲಿಯೋ ಕೆಲಸ ಜೋರಾಗತ್ತೆ, ಆಳು ಸಿಗಲ್ಲ, ಮಗ ಇದ್ದಿದ್ರೆ ಆಗ್ತಿತ್ತು ಅಂತ ಫೋನಲ್ಲಿ ಬಾಯಿಗೆ ಬರತ್ತೆ. ಸೆಮಿಸ್ಟರ್ ಪರೀಕ್ಷೆಯ ತಯಾರಿನೂ ಸುಮಾರಾಗಿ ಆಗಲೇ. ಆ ಮಾತು ಕೇಳಿದ ಮಗು ರಾತ್ರಿ ಓದಕ್ಕೆ ಕೂತ್ರೂ ತಲೆ ತೋಟದಲ್ಲಿರತ್ತೆ. ದಿನಕ್ಕೆ ನಾಲ್ಕು ಸಲ ಫೋನ್ ಮಾಡೋ ಬದಲು ರಾತ್ರಿ ಒಂದು ಸಲ ನಿಧಾನವಾಗಿ ಮಾತಾಡಿ, ಊಟ ಆಯ್ತಾ ಅಂತ ಕೇಳಿದ್ಮೇಲೆ ಇವತ್ತು ಯಾರ ಜೊತೆ ಊಟ ಮಾಡ್ದೆ ಅಂತನೂ ಕೇಳಿ. ಯಾರ ಹೆಸರೂ ಹೇಳದೆ, ಒಬ್ಬಳೇ ಮಾಡಿದೆ ಅಂತ ವಾರಗಟ್ಟಲೆ ಹೇಳ್ತಿದ್ರೆ ಆಗ ಒಂದ್ಸಲ ನೀವೇ ಬಂದು ನೋಡಿ.

ಮನೆ ನೆನಪು ಬೇರೆ, ಖಿನ್ನತೆ ಬೇರೆ. ಎರಡು ವಾರಕ್ಕಿಂತ ಜಾಸ್ತಿ ಊಟ ನಿದ್ದೆ ಕೆಟ್ಟಿದ್ರೆ, ಊರಿಗೆ ಹೋದಾಗ್ಲೂ ಖುಷಿ ಇಲ್ಲ ಅಂದ್ರೆ, ಬದುಕೇ ಬೇಡ ಅನ್ನೋ ಯೋಚನೆ ಒಂದೇ ಒಂದು ಸಲ ಬಂದ್ರೂ ಸರಿ, ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ಯಾವ ಹೊತ್ತಲ್ಲಾದ್ರೂ ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು. ಸೀನಿಯರ್‌ಗಳ ಕಾಟ ಇದ್ರೆ ರ‍್ಯಾಗಿಂಗ್ ವಿರುದ್ಧ ಯುಜಿಸಿ ಸಹಾಯವಾಣಿ 1800-180-5522. ಎರಡೂ ನಂಬರ್ ಇವತ್ತೇ ಫೋನಲ್ಲಿ ಸೇವ್ ಮಾಡ್ಕೊಳ್ಳಿ, ರೂಮ್‌ಮೇಟ್‌ಗೂ ಕಳಿಸಿ.