ಡಿಸ್ಚಾರ್ಜ್ ಬುಕ್ಕಿನಲ್ಲಿ ಅವ್ವನ ಹೆಸರು ತಪ್ಪಿದೆ, ಯುದ್ಧದ ಪದಕ ನಮೂದಾಗಿಲ್ಲ: ಸರಿಪಡಿಸುವುದು ಹೇಗೆ?

ಪ್ರಶ್ನೆ: ನಮ್ಮ ತಂದೆ ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ ಹವಾಲ್ದಾರರಾಗಿ ನಿವೃತ್ತರಾದವರು. 1971ರ ಯುದ್ಧದಲ್ಲಿ ಇದ್ದರು. ಸೈನ್ಯದಿಂದ ಬಿಡುಗಡೆಯಾದಾಗ ಕೊಟ್ಟ ಅವರ ಡಿಸ್ಚಾರ್ಜ್ ಬುಕ್ಕಿನಲ್ಲಿ ಅವ್ವನ ಹೆಸರು ‘ಶಾಂತಾಬಾಯಿ’ ಎಂದಿದೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮತದಾರರ ಚೀಟಿಗಳಲ್ಲೆಲ್ಲ ‘ಶಾಂತವ್ವ’ ಎಂದಿದೆ. ಯುದ್ಧದ ಪದಕ ಮನೆಯಲ್ಲಿದೆ, ಬುಕ್ಕಿನಲ್ಲಿ ಮಾತ್ರ ಅದರ ಉಲ್ಲೇಖವೇ ಇಲ್ಲ. ಅಫಿಡವಿಟ್ ಮಾಡಿಸಿದರೆ ಸಾಕು ಎಂದು ಊರಲ್ಲಿ ಕೆಲವರು ಹೇಳುತ್ತಾರೆ, ಕೋರ್ಟಿಗೇ ಹೋಗಬೇಕು ಎಂದು ಇನ್ನು ಕೆಲವರು ಹೇಳುತ್ತಾರೆ. ಯಾವುದು ಸರಿ?
– ರೋಣ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ಎರಡೂ ಸರಿಯಲ್ಲ. ಅಫಿಡವಿಟ್ ಒಂದರಿಂದಲೇ ಕೆಲಸವಾಗುವುದಿಲ್ಲ, ಕೋರ್ಟಿಗೆ ಹೋಗುವ ಹಂತವೂ ಇನ್ನೂ ಬಂದಿಲ್ಲ. ಸೈನಿಕನ ಸೇವಾ ದಾಖಲೆಯನ್ನು ತಿದ್ದುವ ಅಧಿಕಾರ ಇರುವುದು ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ. ಬ್ಯಾಂಕಿನವರಾಗಲಿ, ತಹಶೀಲ್ದಾರರಾಗಲಿ, ನೋಟರಿಯಾಗಲಿ ಅದನ್ನು ಮುಟ್ಟುವಂತಿಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಕಾರ್ಡ್ ಆಫೀಸ್ ಬೆಳಗಾವಿಯಲ್ಲೇ ಇರುವುದು ನಿಮ್ಮ ಪುಣ್ಯ. ಬೇರೆ ವಿಭಾಗಗಳಲ್ಲಿ ದುಡಿದವರು ಇನ್ನೂ ದೂರಕ್ಕೆ ಬರೆಯಬೇಕು: ತೋಪುಖಾನೆಯವರು ನಾಸಿಕ್‌ಗೆ, ಸಿಗ್ನಲ್ಸ್‌ನವರು ಜಬಲ್ಪುರಕ್ಕೆ, ಸೈನ್ಯದ ಯಂತ್ರೋಪಕರಣ ನೋಡಿಕೊಳ್ಳುವ ಇಎಂಇಯವರು ಸಿಕಂದರಾಬಾದಿಗೆ, ಮದ್ರಾಸ್ ರೆಜಿಮೆಂಟಿನವರು ವೆಲಿಂಗ್ಟನ್‌ಗೆ. ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ ಬೆಂಗಳೂರು.

ತಂದೆಯವರು ಇದ್ದಾರೆ, ಸಹಿ ಮಾಡಬಲ್ಲರು ಎಂದಾದರೆ ಈ ಕೆಲಸವನ್ನು ಈ ತಿಂಗಳೇ ಶುರು ಮಾಡಿ. ‘ಇವಳೇ ನನ್ನ ಹೆಂಡತಿ, ಇವಳ ಹೆಸರು ಇದು’ ಎಂದು ಸೈನಿಕ ತಾನೇ ಬರೆದುಕೊಟ್ಟ ಅರ್ಜಿಗೂ, ಆತ ತೀರಿಕೊಂಡ ಮೇಲೆ ‘ನಾನೇ ಅವರ ಹೆಂಡತಿ’ ಎಂದು ವಿಧವೆ ಸಾಬೀತು ಮಾಡಬೇಕಾಗಿ ಬರುವ ಸ್ಥಿತಿಗೂ ಬಹಳ ಅಂತರವಿದೆ. ನಮ್ಮ ಭಾಗದ ಎಷ್ಟೋ ತಾಯಂದಿರ ಕುಟುಂಬ ಪಿಂಚಣಿ ತಿಂಗಳುಗಟ್ಟಲೆ ನಿಲ್ಲುವುದು ಇಂಥ ಒಂದೆರಡು ಅಕ್ಷರಗಳ ವ್ಯತ್ಯಾಸಕ್ಕೆ. ಗಂಡನನ್ನು ಕಳೆದುಕೊಂಡ ದುಃಖದಲ್ಲಿರುವ ಹೆಣ್ಣುಮಗಳು ತನ್ನ ಹೆಸರು ತನ್ನದೇ ಎಂದು ಕಚೇರಿಯಿಂದ ಕಚೇರಿಗೆ ಅಲೆದು ಹೇಳಬೇಕಾಗುವುದು ನನಗೆ ಸಹಿಸಲಾಗದ ಸಂಗತಿ. ಅದನ್ನು ಮೊದಲೇ ತಪ್ಪಿಸಲು ಸಾಧ್ಯವಿದೆ.

ಹೆಸರು ಹೀಗೆ ತಪ್ಪಾಗಲು ಕಾರಣವಿದೆ. ರಜೆಯಲ್ಲಿ ಬಂದು ಮದುವೆಯಾದ ಸಿಪಾಯಿ ಪಲ್ಟನ್ನಿಗೆ ಮರಳಿ ಹೆಂಡತಿಯ ಹೆಸರು ಬರೆಸುತ್ತಿದ್ದ. ಬರೆದುಕೊಳ್ಳುವ ಗುಮಾಸ್ತ ಹಿಂದಿಯವನೋ ಮರಾಠಿಯವನೋ ಆಗಿರುತ್ತಿದ್ದ. ಅವನ ಕಿವಿಗೆ ‘ಅವ್ವ’ ಪರಿಚಯವಿಲ್ಲದ್ದು, ‘ಬಾಯಿ’ ರೂಢಿಯದ್ದು. ಶಾಂತವ್ವ ಶಾಂತಾಬಾಯಿಯಾದಳು, ಯಲ್ಲವ್ವ ಯಲ್ಲಮ್ಮನಾದಳು. ಇದರ ಜೊತೆಗೆ, ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ನಮ್ಮ ಅನೇಕ ಮನೆತನಗಳಲ್ಲಿತ್ತು. ಅಂಥವರಿಗೆ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು, ಸೈನ್ಯದ ಕಾಗದದಲ್ಲಿ ಮೂರನೆಯದು. ಅಡ್ಡಹೆಸರಿನದೂ ಇದೇ ಪಾಡು. ಒಂದೆಡೆ ತಂದೆಯ ಹೆಸರು ಮಾತ್ರ ಇರುತ್ತದೆ, ಇನ್ನೊಂದೆಡೆ ಅದರ ಮುಂದೆ ಹಿರೇಮಠ, ಪಾಟೀಲ ಎಂದು ಸೇರಿರುತ್ತದೆ.

ಆದ್ದರಿಂದ ಅರ್ಜಿ ಬರೆಯುವ ಮೊದಲು ತಪ್ಪು ಯಾವ ಕಾಗದದಲ್ಲಿ ಹುಟ್ಟಿದೆ ಎಂದು ಹುಡುಕಿ. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ ಅಂದರೆ ಪಿಪಿಒ, ರಕ್ಷಣಾ ಪಿಂಚಣಿಯ ‘ಸ್ಪರ್ಶ್’ ಜಾಲತಾಣದಲ್ಲಿ ಕಾಣುವ ಕುಟುಂಬದ ವಿವರ, ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ. ಇಂಗ್ಲಿಷ್ ಕಾಗುಣಿತವನ್ನೇ ನೋಡಬೇಕು, ಏಕೆಂದರೆ ಅಲ್ಲಿ ಹೋಲಿಕೆಯಾಗುವುದು ಅದೇ. ಡಿಸ್ಚಾರ್ಜ್ ಬುಕ್ ಸರಿಯಿದ್ದು ಪಿಪಿಒದಲ್ಲಿ ಮಾತ್ರ ತಪ್ಪಿದ್ದರೆ ಕೆಲಸ ಹಗುರ, ತಿದ್ದುಪಡಿ ಪಿಪಿಒ ಕೇಳಿದರಾಯಿತು. ಬುಕ್ಕಿನಲ್ಲೇ ತಪ್ಪಿದ್ದರೆ, ನಿಮ್ಮಲ್ಲಿ ಆಗಿರುವಂತೆ, ಅದರ ಮೂಲ ಇನ್ನೂ ಹಿಂದೆ, ರೆಕಾರ್ಡ್ ಆಫೀಸಿನಲ್ಲಿರುವ ಶೀಟ್ ರೋಲ್‌ನಲ್ಲಿರುತ್ತದೆ. ಸೈನಿಕ ಸೇರಿದ ದಿನದಿಂದ ಬಿಟ್ಟ ದಿನದವರೆಗಿನ ಲೆಕ್ಕವೆಲ್ಲ ಅದರಲ್ಲಿ. ಅದರ ಪ್ರತಿ ಬೇಕಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ತಂದೆಯವರೇ 10 ರೂಪಾಯಿ ಶುಲ್ಕ ಕಟ್ಟಿ ತಮ್ಮ ದಾಖಲೆಗಳನ್ನು ಕೇಳಬಹುದು. 30 ದಿನಗಳಲ್ಲಿ ಉತ್ತರ ಬರಬೇಕು. ಏನು ಬರೆದಿದೆ ಎಂದು ತಿಳಿಯದೆ ತಿದ್ದಲು ಹೊರಡುವುದಕ್ಕಿಂತ ಈ ಒಂದು ತಿಂಗಳು ಕಾಯುವುದು ಮೇಲು.

ಹಾಗೆ ಹುಡುಕುವಾಗ ತಪ್ಪಲ್ಲದ್ದನ್ನು ತಪ್ಪೆಂದು ತಿಳಿಯುವುದೂ ಉಂಟು. ಗದಗ ಮತ್ತು ಹಾವೇರಿ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಮೊದಲು ನಿವೃತ್ತರಾದವರ ಬುಕ್ಕಿನಲ್ಲಿ ‘ಧಾರವಾಡ ಜಿಲ್ಲೆ’ ಎಂದಿರುವುದು ಅಂದಿಗೆ ಸರಿಯಾದದ್ದೇ. 1973ರ ನವೆಂಬರ್‌ಗಿಂತ ಮೊದಲು ಸೇರಿದವರ ಕಾಗದದಲ್ಲಿ ‘ಮೈಸೂರು ರಾಜ್ಯ’ ಎಂದಿರುತ್ತದೆ, ಅದೂ ಸರಿ. ಶಿರಹಟ್ಟಿ ತಾಲ್ಲೂಕಿನಲ್ಲಿದ್ದ ಲಕ್ಷ್ಮೇಶ್ವರ, ನವಲಗುಂದ ತಾಲ್ಲೂಕಿನಲ್ಲಿದ್ದ ಅಣ್ಣಿಗೇರಿ ಈಗ ತಾವೇ ತಾಲ್ಲೂಕುಗಳು. ಇಂಥವನ್ನು ತಿದ್ದಿಸುವ ಅಗತ್ಯವಿಲ್ಲ. ಈಗಿನ ವಿಳಾಸವನ್ನು ಪಿಂಚಣಿ ದಾಖಲೆಯಲ್ಲಿ ನವೀಕರಿಸಿ, ಯಾರಾದರೂ ಕೇಳಿದರೆ ಜಿಲ್ಲೆ ಬದಲಾದ ಸಂಗತಿಯನ್ನು ಒಂದು ಸಾಲಿನಲ್ಲಿ ಬರೆದುಕೊಡಿ.

ಈಗ ಅರ್ಜಿಯ ಮಾತು. ಸಾದಾ ಹಾಳೆಯಲ್ಲಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ತಂದೆಯವರ ಹೆಸರಿನಲ್ಲಿ ಬರೆಯಿರಿ. ಸೈನ್ಯದ ಸಂಖ್ಯೆ, ದರ್ಜೆ, ಬುಕ್ಕಿನಲ್ಲಿರುವಂತೆಯೇ ಹೆಸರು, ಪಲ್ಟನ್, ಸೇರಿದ ಮತ್ತು ಬಿಟ್ಟ ದಿನಾಂಕ, ಪಿಪಿಒ ಸಂಖ್ಯೆ ಮೊದಲ ಸಾಲುಗಳಲ್ಲೇ ಇರಲಿ. ಸಂಖ್ಯೆಯ ಕೊನೆಯಲ್ಲಿ ಅಕ್ಷರವಿದ್ದರೆ ಅದನ್ನು ಬಿಡಬೇಡಿ. ‘ಈಗ ಇರುವುದು ಇದು, ಆಗಬೇಕಾದದ್ದು ಇದು’ ಎಂದು ಎರಡೇ ಸಾಲಿನಲ್ಲಿ ಹೇಳಿ, ಉದ್ದದ ಕಥೆ ಬೇಡ. ತಂದೆ ತಾಯಿ ಇಬ್ಬರೂ ಇರುವ ಜಂಟಿ ಭಾವಚಿತ್ರ, ಇಬ್ಬರ ಆಧಾರ್, ಡಿಸ್ಚಾರ್ಜ್ ಬುಕ್ಕಿನ ಸಂಬಂಧಪಟ್ಟ ಪುಟಗಳು, ಪಿಪಿಒ ಪ್ರತಿ, ಜೊತೆಗೆ ಶಾಂತಾಬಾಯಿ ಮತ್ತು ಶಾಂತವ್ವ ಒಬ್ಬರೇ ಎನ್ನುವ ಅಫಿಡವಿಟ್ ಇವು ಲಗತ್ತಾಗಿರಲಿ. ಕನ್ನಡದ ದಾಖಲೆ ಸೇರಿಸಿದರೆ ಅದರ ಇಂಗ್ಲಿಷ್ ಅನುವಾದವನ್ನೂ ದೃಢೀಕರಿಸಿ ಜೊತೆಗಿಡಿ. ಅಫಿಡವಿಟ್ಟಿನ ಸ್ಥಾನ ಇಷ್ಟೇ, ಅದು ಪೋಷಕ ಕಾಗದ. ಅದನ್ನು ಮಾಡಿಸಿ ಟ್ರಂಕಿನಲ್ಲಿ ಇಟ್ಟುಕೊಂಡು ನೆಮ್ಮದಿಯಾಗಿ ಕುಳಿತ ಕುಟುಂಬಗಳೇ ಮುಂದೆ ಹೆಚ್ಚು ತೊಂದರೆಗೆ ಸಿಕ್ಕುತ್ತವೆ.

ಅರ್ಜಿಯನ್ನು ನೇರವಾಗಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬಹುದು. ಆದರೂ ಧಾರವಾಡದಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯ ಮೂಲಕ ಕಳಿಸಿ ಎಂಬುದು ನನ್ನ ಸಲಹೆ. ತಂದೆಯವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬೇಕಾದ ನಮೂನೆ ಯಾವುದು, ಅಫಿಡವಿಟ್ ಮ್ಯಾಜಿಸ್ಟ್ರೇಟರ ಮುಂದೆ ಆಗಬೇಕೋ ನೋಟರಿ ಸಾಕೋ, ಪತ್ರಿಕಾ ಪ್ರಕಟಣೆ ಬೇಕೋ ಎಂಬುದನ್ನು ಅಲ್ಲಿ ನೋಡಿ ಹೇಳುತ್ತಾರೆ. ಕೊರತೆಯಿರುವ ಅರ್ಜಿ ಬೆಳಗಾವಿಗೆ ಹೋಗಿ ಮರಳುವುದು ತಪ್ಪುತ್ತದೆ. ರೆಕಾರ್ಡ್ ಆಫೀಸಿಗೆ ಒಪ್ಪಿಗೆಯಾದರೆ ‘ಪಾರ್ಟ್ ಟು ಆರ್ಡರ್’ ಹೊರಡಿಸುತ್ತದೆ. ಸೈನಿಕನ ವೈಯಕ್ತಿಕ ವಿವರದಲ್ಲಿ ಏನೇ ಬದಲಾದರೂ ಅಧಿಕೃತವಾಗುವುದು ಆ ಆದೇಶದಿಂದಲೇ. ಅದರ ಸಂಖ್ಯೆ ಮತ್ತು ದಿನಾಂಕ ಬರೆದಿಟ್ಟುಕೊಳ್ಳಿ. ಅದರ ಆಧಾರದ ಮೇಲೆ ಪ್ರಯಾಗರಾಜ್‌ನ ರಕ್ಷಣಾ ಪಿಂಚಣಿ ಕಚೇರಿ ತಿದ್ದುಪಡಿ ಪಿಪಿಒ ಕೊಡುತ್ತದೆ.

ಹೆಸರು ತಿದ್ದಿಸುವಾಗಲೇ ಅವ್ವನ ಜನ್ಮ ದಿನಾಂಕ ಪಿಪಿಒದಲ್ಲಿ ಇದೆಯೇ ಎಂದು ನೋಡಿ. ಹಳೆಯ ಪಿಪಿಒಗಳಲ್ಲಿ ಅನೇಕ ಸಲ ಅದು ಇರುವುದೇ ಇಲ್ಲ. ಇದು ಸಣ್ಣ ವಿಷಯವಲ್ಲ. 80 ವರ್ಷ ತುಂಬಿದವರಿಗೆ ಮೂಲ ಪಿಂಚಣಿಯ ಮೇಲೆ ಶೇ 20, 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50 ಹೆಚ್ಚುವರಿ ಸಿಗುತ್ತದೆ, ನೂರು ತುಂಬಿದರೆ ದುಪ್ಪಟ್ಟು. ಕುಟುಂಬ ಪಿಂಚಣಿಗೂ ಇದೇ ಲೆಕ್ಕ. ವಯಸ್ಸೇ ದಾಖಲಾಗದಿದ್ದರೆ ಆ ಹಕ್ಕು ತಾನಾಗಿ ಬರುವುದು ಕಷ್ಟ.

ತಂದೆಯವರ ಜನ್ಮ ದಿನಾಂಕದ ವಿಷಯ ಬೇರೆ. ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ 1 ಎಂದು ಬರೆದುಕೊಂಡ ದಿನಾಂಕವನ್ನೇ ಸೈನ್ಯಕ್ಕೂ ಕೊಟ್ಟಿದ್ದರೆ, ನಿಜವಾದ ದಿನ ಬೇರೆ ಎಂದು ಈಗ ವಾದಿಸಿ ಪ್ರಯೋಜನವಿಲ್ಲ. ಸೇರುವಾಗ ಕೊಟ್ಟ ದಾಖಲೆಯಲ್ಲಿ ಒಂದು ದಿನಾಂಕವಿದ್ದು, ನಕಲು ಮಾಡುವಾಗ ಬೇರೆಯಾಗಿದ್ದರೆ ಮಾತ್ರ ತಿದ್ದುಪಡಿಗೆ ಬಲವಿರುತ್ತದೆ. ಇಲ್ಲವಾದರೆ ಆಧಾರ್ ಅನ್ನೇ ಸೈನ್ಯದ ದಾಖಲೆಗೆ ಹೊಂದಿಸುವುದು ಜಾಣತನ. ಆದರೆ ಆಧಾರ್‌ನಲ್ಲಿ ಜನ್ಮ ದಿನಾಂಕ ಬದಲಿಸಲು ಒಮ್ಮೆ, ಹೆಸರು ಬದಲಿಸಲು ಎರಡು ಸಲ ಮಾತ್ರ ಅವಕಾಶ ಎಂಬುದು ನೆನಪಿರಲಿ.

ಇನ್ನು ಪದಕ. ಮನೆಯಲ್ಲಿರುವ ಪದಕವನ್ನು ಕೈಗೆತ್ತಿಕೊಂಡು ಅದರ ಮುಖವನ್ನಲ್ಲ, ಅಂಚನ್ನು ಬೆಳಕಿಗೆ ಹಿಡಿದು ನೋಡಿ. ನಾಣ್ಯದ ಅಂಚಿನಷ್ಟೇ ದಪ್ಪದ ಆ ಜಾಗದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಸೈನ್ಯದ ಸಂಖ್ಯೆ, ದರ್ಜೆ, ಹೆಸರು, ರೆಜಿಮೆಂಟ್ ಕೊರೆದಿರುತ್ತದೆ. ಸರಕಾರ ಕೊಟ್ಟ ಪದಕದ ಗುರುತು ಅದು. ಅಂಗಡಿಯಲ್ಲಿ ಸಮವಸ್ತ್ರಕ್ಕೆಂದು ಕೊಂಡ ಪದಕದ ಅಂಚು ಸಾಮಾನ್ಯವಾಗಿ ಬರಿದಾಗಿರುತ್ತದೆ, ಅದು ಸಾಕ್ಷಿಯಾಗುವುದಿಲ್ಲ. ಕೊರೆದ ಅಕ್ಷರಗಳು ಮಸಿ ಹಿಡಿದು ಕಾಣದಿದ್ದರೆ ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ, ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿ ಓರೆ ಬೆಳಕಿನಲ್ಲಿ ಮೊಬೈಲಿನಿಂದ ಸುತ್ತಲೂ ಫೋಟೊ ತೆಗೆಯಿರಿ. ಆ ಫೋಟೊಗಳನ್ನು ಅರ್ಜಿಯೊಂದಿಗೆ ಕಳಿಸಿ. ಮೂಲ ಪದಕವನ್ನು ಅಂಚೆಯಲ್ಲಿ ಕಳಿಸಬೇಡಿ.

ಅದು ಯಾವ ಪದಕ ಎಂಬುದನ್ನೂ ಖಚಿತ ಮಾಡಿಕೊಳ್ಳಿ. 1971ರಲ್ಲಿ ಪೂರ್ವದ ರಣರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಇವಲ್ಲದೆ ಹೆಚ್ಚು ವ್ಯಾಪಕವಾಗಿ ಸಂಗ್ರಾಮ ಮೆಡಲ್ ಕೊಡಲಾಯಿತು. ಉದಾಹರಣೆಗೆ, 1ನೇ ಮರಾಠಾ ಆ ಡಿಸೆಂಬರ್‌ನಲ್ಲಿ ಕಾದಾಡಿದ್ದು ಈಗಿನ ಬಾಂಗ್ಲಾದೇಶದ ಜಮಾಲಪುರದಲ್ಲಿ, ಅಂದರೆ ಪೂರ್ವದಲ್ಲಿ. ತಂದೆಯವರ ಪಲ್ಟನ್ ಆಗ ಎಲ್ಲಿತ್ತು, ಅವರು ಅದರ ಜೊತೆಗೇ ಇದ್ದರೋ ತರಬೇತಿಗೋ ಆಸ್ಪತ್ರೆಗೋ ಹೋಗಿದ್ದರೋ ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. 1965ರವರಾದರೆ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್, ಕಾರ್ಗಿಲ್‌ನವರಾದರೆ ಆಪರೇಷನ್ ವಿಜಯ್ ಸ್ಟಾರ್ ಮತ್ತು ಆಪರೇಷನ್ ವಿಜಯ್ ಮೆಡಲ್ ನೋಡಬೇಕು. ಒಂಬತ್ತು ಮತ್ತು ಇಪ್ಪತ್ತು ವರ್ಷಗಳ ದೀರ್ಘ ಸೇವೆಯ ಪದಕಗಳೂ ಅರ್ಹತೆಯಿದ್ದು ನಮೂದಾಗದೆ ಉಳಿದಿರಬಹುದು, ಒಂದೇ ಅರ್ಜಿಯಲ್ಲಿ ಎಲ್ಲವನ್ನೂ ಕೇಳಿ.

ಇವೆಲ್ಲ ಸೇವೆಯಲ್ಲಿ ಇದ್ದುದಕ್ಕೆ ಸಿಗುವ ಪದಕಗಳು, ದಾಖಲೆ ಹೊಂದಿದರೆ ತಡವಾಗಿಯಾದರೂ ಸೇರಿಸಬಹುದು. ವೀರ ಚಕ್ರ, ಸೇನಾ ಮೆಡಲ್‌ನಂಥ ಶೌರ್ಯ ಪದಕಗಳು ಹಾಗಲ್ಲ. ಅವಕ್ಕೆ ಆಗಿನ ಕಮಾಂಡಿಂಗ್ ಅಧಿಕಾರಿಯ ಶಿಫಾರಸು ಬೇಕಿತ್ತು, ಪ್ರಕಟವಾಗುವುದು ಭಾರತ ಸರಕಾರದ ರಾಜ್ಯಪತ್ರದಲ್ಲಿ. ಪ್ರಕಟವಾಗಿದ್ದೂ ಬುಕ್ಕಿನಲ್ಲಿ ಬಿಟ್ಟುಹೋಗಿದ್ದರೆ ರಾಜ್ಯಪತ್ರದ ಪ್ರತಿಯೇ ಸಾಕಷ್ಟು ಪುರಾವೆ. ಶಿಫಾರಸೇ ಆಗದ ಶೌರ್ಯಕ್ಕೆ ಐವತ್ತು ವರ್ಷಗಳ ಮೇಲೆ ಪದಕ ಕೊಡಿಸುತ್ತೇನೆಂದು ಯಾರಾದರೂ ಹಣ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪಿಂಚಣಿ ಬರುವಷ್ಟು ಸೇವೆ ಮಾಡದೆ ಬಿಟ್ಟುಬಂದವರು ಇನ್ನೊಂದು ಸಂಗತಿ ತಿಳಿದಿರಬೇಕು. ಅಂಥವರ ಸೇವಾ ದಾಖಲೆಗಳನ್ನು ಬಿಡುಗಡೆಯಾದ 25 ವರ್ಷಗಳ ನಂತರ ನಿಯಮದಂತೆ ನಾಶಮಾಡುತ್ತಾರೆ. ಸಂಕ್ಷಿಪ್ತ ವಿವರವಿರುವ ಲಾಂಗ್ ರೋಲ್ ಮಾತ್ರ ಉಳಿಯುತ್ತದೆ. ಅವರ ಮನೆಯಲ್ಲಿರುವ ಡಿಸ್ಚಾರ್ಜ್ ಬುಕ್ಕೇ ಬಹುಮಟ್ಟಿಗೆ ಕೊನೆಯ ಪುರಾವೆ.

ಕೋರ್ಟಿನ ವಿಷಯ ಬರುವುದು ರೆಕಾರ್ಡ್ ಆಫೀಸ್ ಲಿಖಿತವಾಗಿ ತಿರಸ್ಕರಿಸಿದಾಗ ಅಥವಾ ಮನವಿ ಕೊಟ್ಟು ಆರು ತಿಂಗಳಾದರೂ ಉತ್ತರ ಬಾರದಿದ್ದಾಗ. ಆಗಲೂ ಹೋಗಬೇಕಾದದ್ದು ಊರಿನ ಸಿವಿಲ್ ಕೋರ್ಟಿಗಲ್ಲ, 2007ರ ಕಾಯ್ದೆಯಡಿ ರಚನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ. ಕರ್ನಾಟಕದ ಪ್ರಕರಣಗಳನ್ನು ನೋಡುವ ಅದರ ಪೀಠ ಕೊಚ್ಚಿಯಲ್ಲಿದೆ. ತಿರಸ್ಕಾರದ ಆದೇಶ ಬಂದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಡವಾದರೆ ಸಕಾರಣ ತೋರಿಸಬೇಕಾಗುತ್ತದೆ. ಅದಕ್ಕೇ ಪ್ರತಿ ಪತ್ರದ ನಕಲು, ಅಂಚೆಯ ರಸೀದಿ, ಬಂದ ಲಕೋಟೆ ಎಲ್ಲವನ್ನೂ ಒಂದೇ ಕಡತದಲ್ಲಿ ಇಡಿ.

ತಿದ್ದುಪಡಿ ಪಿಪಿಒ ಕೈಗೆ ಬಂದ ಮೇಲೂ ಎರಡು ಕೆಲಸ ಉಳಿದಿರುತ್ತವೆ. ಸ್ಪರ್ಶ್‌ನಲ್ಲಿ ಹೊಸ ಹೆಸರು ಕಾಣುತ್ತಿದೆಯೇ ಎಂದು ಖಾತೆ ತೆರೆದು ನೋಡಿ. ಮೊಬೈಲಿನಲ್ಲಿ ಆಗದಿದ್ದರೆ ಸಾಮಾನ್ಯ ಸೇವಾ ಕೇಂದ್ರದಲ್ಲಿ ನೋಡಿಸಬಹುದು. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕಾರ್ಡಿನಲ್ಲಿ ಅವ್ವ ಇನ್ನೂ ಶಾಂತಾಬಾಯಿಯಾಗಿಯೇ ಇದ್ದರೆ, ಹೊಸ ಪಿಪಿಒ ಪ್ರತಿಯೊಂದಿಗೆ ಪಾಲಿಕ್ಲಿನಿಕ್‌ನಲ್ಲಿ ಅದನ್ನೂ ಬದಲಿಸಲು ಕೊಡಿ.